ರಾಯಲ್ ಓಕ್ ಹಡಗನ್ನು ಯಾಕೆ ಮೇಲೆತ್ತಲಿಲ್ಲ?

ಕಾರವಾರದಿಂದ ಓದುಗರೊಬ್ಬರು ಬರೆದಿದ್ದಾರೆ: “ಕಳೆದ ಸಂಚಿಕೆಯಲ್ಲಿ ಸ್ಕಾಟ್ಲೆಂಡಿನ ಬಳಿ ಮುಳುಗಿದ ಬ್ರಿಟಿಷ್ ಯುದ್ಧನೌಕೆ ರಾಯಲ್ ಓಕ್ ಬಗ್ಗೆ ಟಿಪ್ಪಣಿ ಓದಿದೆ. ಅದಿರುವುದು ಬರೀ 30 ಮೀಟರ್ ಆಳದಲ್ಲಂತೆ. ನಮ್ಮೂರ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಾಪೆಲ್ ನಿಲ್ಲಿಸಿ ಮಕ್ಕಳಿಗೆ ತೋರಿಸುತ್ತಾರೆ. ಅವರೂ ಎತ್ತಿ ತಂದು ಮ್ಯೂಸಿಯಂ ಮಾಡಬಹುದಿತ್ತಲ್ಲ? ನೀರಿನಲ್ಲಿ ತುಕ್ಕು ಹಿಡಿಯಲು ಬಿಟ್ಟು ವರ್ಷಕ್ಕೊಮ್ಮೆ ನೌಕಾಪಡೆಯ ಡೈವರ್‌ಗಳು ಇಳಿದು ಬಾವುಟ ಕಟ್ಟಿದರೆ ಅದು ಸ್ಮರಣೆಯಾ? ಮಗಳು ಅಬರ್ಡೀನ್‌ನಲ್ಲಿದ್ದಾಳೆ. ಮುಂದಿನ ವರ್ಷ ಹೋದಾಗ ಅಲ್ಲಿ ನೋಡಲು ಏನಾದರೂ ಸಿಗುತ್ತದಾ?”

ಸಂಪಾದಕರ ಉತ್ತರ:

ಸರ್, ಎತ್ತಲು ಬಾರದೆ ಬಿಟ್ಟದ್ದಂತೂ ಅಲ್ಲ. ರಾಯಲ್ ಓಕ್ ಮಲಗಿರುವ ಸ್ಕಾಪಾ ಫ್ಲೋ ಎಂಬ ಆ ಕೊಲ್ಲಿಯಲ್ಲೇ ಜಗತ್ತಿನ ಅತಿ ದೊಡ್ಡ ಹಡಗು ಎತ್ತುವ ಕೆಲಸ ನಡೆದಿತ್ತು. ಮೊದಲ ಮಹಾಯುದ್ಧ ಮುಗಿದ ಮೇಲೆ ಜರ್ಮನ್ ನೌಕಾಪಡೆಯನ್ನು ಅಲ್ಲಿ ತಂದು ನಿಲ್ಲಿಸಿದ್ದರು. 1919ರ ಜೂನ್ 21ರಂದು ಜರ್ಮನ್ನರೇ ತಮ್ಮ ಹಡಗುಗಳಿಗೆ ನೀರು ಬಿಟ್ಟುಕೊಂಡರು. ಒಂದೇ ದಿನ 52 ಹಡಗು ಮುಳುಗಿದವು. ಮುಂದೆ ಅರ್ನೆಸ್ಟ್ ಕಾಕ್ಸ್ ಎಂಬ ಗುಜರಿ ವ್ಯಾಪಾರಿ ಬಂದ. ತಲೆಕೆಳಗಾಗಿ ಬಿದ್ದಿದ್ದ ಹಡಗಿನೊಳಗೆ ಗಾಳಿ ತುಂಬಿ ತೇಲಿಸುವುದನ್ನು ಅಲ್ಲೇ ಮಾಡುತ್ತಾ ಕಲಿತ. ಮೂವತ್ತಕ್ಕೂ ಹೆಚ್ಚು ಹಡಗುಗಳನ್ನು ಎತ್ತಿ ಮಾರಿದ. ಇದೆಲ್ಲ ರಾಯಲ್ ಓಕ್ ಮುಳುಗುವ ಮೊದಲಿನ ಮಾತು.

ಆದರೆ ಆ ಜರ್ಮನ್ ಹಡಗುಗಳ ಒಳಗೆ ಯಾರೂ ಇರಲಿಲ್ಲ. ರಾಯಲ್ ಓಕ್ ಒಳಗೆ ನೂರಾರು ಜನ ಇದ್ದಾರೆ.

1939ರ ಅಕ್ಟೋಬರ್ 14. ಯುದ್ಧ ಶುರುವಾಗಿ ಇನ್ನೂ ಆರು ವಾರ. ಗುಂಟರ್ ಪ್ರೀನ್ ಎಂಬ ಜರ್ಮನ್ ಕಮಾಂಡರ್‌ನ ಯು-47 ಸಬ್‌ಮರೀನ್, ಕರ್ಕ್ ಸೌಂಡ್ ಎಂಬ ಕಿರಿದಾದ ದಾರಿಯಲ್ಲಿ ಭರತದ ನೀರು ಹಿಡಿದು ಒಳಗೆ ನುಗ್ಗಿತು. ರಾತ್ರಿ ಒಂದು ದಾಟಿತ್ತು. ಮೊದಲ ಟಾರ್ಪಿಡೊ ಮೂತಿಗೆ ಬಡಿಯಿತು. ಹಡಗಿನವರಿಗೆ ಅದು ದಾಳಿ ಅನ್ನಿಸಲೇ ಇಲ್ಲ. ಉಗ್ರಾಣದಲ್ಲಿ ಏನೋ ಸಿಡಿದಿರಬೇಕು ಅಂದುಕೊಂಡರು. ಎದ್ದವರಲ್ಲಿ ಎಷ್ಟೋ ಜನ ವಾಪಸ್ ಹೋಗಿ ಮಲಗಿದರು. ಹತ್ತು ಹನ್ನೆರಡು ನಿಮಿಷದ ಮೇಲೆ ಮೂರು ಟಾರ್ಪಿಡೊ ಒಟ್ಟಿಗೆ ನಡುಭಾಗಕ್ಕೆ ಬಡಿದವು. ಮದ್ದಿಗೆ ಬೆಂಕಿ ಹತ್ತಿತು. ಹದಿಮೂರು ನಿಮಿಷದಲ್ಲಿ ಹಡಗು ಮಗುಚಿ ತಳ ಸೇರಿತು. ಸತ್ತವರು 835 ಮಂದಿ. ಅವರಲ್ಲಿ 134 ಹುಡುಗರಿಗೆ ಇನ್ನೂ ಹದಿನೆಂಟು ತುಂಬಿರಲಿಲ್ಲ. ಆ ವಯಸ್ಸಿನ ಮಕ್ಕಳನ್ನು ನೌಕಾಪಡೆಗೆ ಸೇರಿಸಿಕೊಂಡು ಯುದ್ಧದ ಹಡಗಿಗೆ ಹತ್ತಿಸುತ್ತಿದ್ದ ಕಾಲ ಅದು. ಈ ಒಂದು ಸಂಖ್ಯೆಯ ಮುಂದೆ ನನಗೆ ಬೇರೆ ಯಾವ ಅಂಕಿಯೂ ದೊಡ್ಡದಾಗಿ ಕಾಣುವುದಿಲ್ಲ.

ಬದುಕಿದವರ ಕಥೆಯಲ್ಲಿ ಒಂದು ಪುಟ್ಟ ದೋಣಿ ಇದೆ. ಡೈಸಿ 2 ಅಂತ ಹೆಸರು, ಮೂಲತಃ ಮೀನು ಹಿಡಿಯುವ ಬೋಟು. ಆ ರಾತ್ರಿ ರಾಯಲ್ ಓಕ್ ಪಕ್ಕಕ್ಕೇ ಕಟ್ಟಿದ್ದರು. ದೊಡ್ಡ ಹಡಗು ಮಗುಚುವಾಗ ಅದರ ಪಕ್ಕೆ ಮೇಲೆದ್ದು ದೋಣಿಯನ್ನೂ ನೀರಿನಿಂದ ಎತ್ತಿಬಿಟ್ಟಿತು. ಚಾಲಕ ಜಾನ್ ಗ್ಯಾಟ್ ಹೇಗೋ ಬಿಡಿಸಿಕೊಂಡ. ಓಡಿಹೋಗಲಿಲ್ಲ. ಶತ್ರು ಎಲ್ಲಿದ್ದಾನೆಂದು ಗೊತ್ತಿಲ್ಲದ ಹೊತ್ತಿನಲ್ಲಿ ದೀಪ ಹಚ್ಚಿದ. ಎಣ್ಣೆ ಮೆತ್ತಿಕೊಂಡು, ಚಳಿಗೆ ಕೈ ಮರಗಟ್ಟಿದವರನ್ನು ಒಬ್ಬೊಬ್ಬರನ್ನಾಗಿ ಎಳೆದುಕೊಂಡ. ಎರಡೂವರೆ ಗಂಟೆಯಲ್ಲಿ 386 ಜನ!

ಹಡಗನ್ನು ಗುಜರಿಗೆ ಹಾಕುವ ಯೋಚನೆ ಸರ್ಕಾರಕ್ಕೂ ಬಂದಿತ್ತು. ಜನ ವಿರೋಧಿಸಿದರು, ಕೈಬಿಟ್ಟರು. ಅದು ಸರಿಯಾದ ತೀರ್ಮಾನ ಅಂತಲೇ ನನ್ನ ಅಭಿಪ್ರಾಯ. ಚಾಪೆಲ್ ತನ್ನ ಸೇವೆ ಮುಗಿಸಿ ದಡ ಸೇರಿದ ಹಡಗು. ಮಕ್ಕಳು ಹತ್ತಿ ಇಳಿದು ನೋಡಲಿ, ಅದು ಖುಷಿಯ ವಿಷಯ. ರಾಯಲ್ ಓಕ್ ಸಮಾಧಿ. ಕಾನೂನಿನಲ್ಲೂ ಅದಕ್ಕೆ ಯುದ್ಧ ಸಮಾಧಿಯ ರಕ್ಷಣೆ ಇದೆ, ಅನುಮತಿ ಇಲ್ಲದೆ ಯಾರೂ ಅಲ್ಲಿ ಡೈವ್ ಮಾಡುವಂತಿಲ್ಲ. ನಮ್ಮ ಐಎನ್‌ಎಸ್ ಖುಕ್ರಿಯ ವಿಷಯವೂ ಹೀಗೇ ಅಲ್ವಾ? 1971ರ ಡಿಸೆಂಬರ್ 9ರಂದು ದಿಯು ಆಚೆ ಪಾಕಿಸ್ತಾನದ ಹಂಗೋರ್ ಸಬ್‌ಮರೀನ್ ಅದನ್ನು ಮುಳುಗಿಸಿತು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಸೇರಿ 18 ಅಧಿಕಾರಿಗಳು, 176 ನಾವಿಕರು ಹೋದರು. ದಿಯುನಲ್ಲಿ ಸ್ಮಾರಕವಿದೆ, ಹಡಗು ಕಡಲಲ್ಲೇ ಇದೆ.

“ಬಿಟ್ಟಿದ್ದಾರೆ” ಅಂದಿರಲ್ಲ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. ರಾಯಲ್ ಓಕ್ ಟ್ಯಾಂಕುಗಳಲ್ಲಿ ಇಂಧನ ತೈಲ ತುಂಬಿತ್ತು. ತಗಡು ತುಕ್ಕು ಹಿಡಿದಂತೆಲ್ಲ ಅದು ಸೋರಿ ಮೇಲೆ ಬರತೊಡಗಿತು. ಸುಮ್ನೆ ಬಿಟ್ಟರೆ ಮೀನು, ಹಕ್ಕಿ, ದಡ ಎಲ್ಲ ಹಾಳು. ಹಾಗಂತ ಸಮಾಧಿಯನ್ನು ಒಡೆಯುವಂತೆಯೂ ಇಲ್ಲ. ಕೊನೆಗೆ ಹಡಗಿನ ಹೊರ ತಗಡಿಗೆ ಕವಾಟ ಕೂರಿಸಿ, ಅದರ ಮೂಲಕವೇ ತೂತು ಕೊರೆದು, ಒಳಗಿನ ತೈಲವನ್ನು ಪಂಪ್ ಮಾಡಿ ತೆಗೆದರು. ವರ್ಷಗಟ್ಟಲೆ ನಡೆದ ಕೆಲಸ. ಬಾವುಟದ ಹಿಂದೆ ಇಷ್ಟೆಲ್ಲ ಇದೆ.

ನನಗೆ ಕೊರತೆ ಕಾಣುವುದು ಬೇರೆ ಕಡೆ. ನೆನೆಯುವಾಗ ಸತ್ತವರ ಹೆಸರಿನ ಜೊತೆಗೆ, ಆ ದಾರಿ ಯಾಕೆ ತೆರೆದಿತ್ತು ಅನ್ನುವುದನ್ನೂ ಹೇಳಬೇಕು. ಕರ್ಕ್ ಸೌಂಡ್‌ನಲ್ಲಿ ಹಳೆಯ ಹಡಗುಗಳನ್ನು ಮುಳುಗಿಸಿ ಅಡ್ಡ ಹಾಕಿದ್ದರು, ಆದರೆ ನಡುವೆ ಸಂದು ಉಳಿದಿತ್ತು. ಅಲ್ಲಿನ ಅಡ್ಮಿರಲ್ ವಿಲ್ಫ್ರೆಡ್ ಫ್ರೆಂಚ್ ಆ ಬೇಸಿಗೆಯಲ್ಲೇ ಎಚ್ಚರಿಸಿದ್ದರು. ದುರಂತವಾದ ಮೇಲೆ ತಪ್ಪು ಅವರ ತಲೆಗೇ ಕಟ್ಟಿ ಮನೆಗೆ ಕಳಿಸಿದರು. ಇದು ನನಗೆ ಅನ್ಯಾಯ ಅನ್ನಿಸುತ್ತದೆ. ಸಂದು ಮುಚ್ಚಲು ತರಿಸಿದ್ದ ಹಡಗು ಬಂದು ತಲುಪಿದ್ದು ರಾಯಲ್ ಓಕ್ ಮುಳುಗಿದ ಮರುದಿನ.

ಇನ್ನು ನಿಮ್ಮ ಪ್ರವಾಸ. ಅಬರ್ಡೀನ್‌ನಿಂದ ಸ್ಕಾಪಾ ಫ್ಲೋ ಹತ್ತಿರದ ಕರ್ಕ್‌ವಾಲ್ ಊರಿಗೆ ಫೆರಿ ಇದೆ. ಅಲ್ಲಿನ ಸೇಂಟ್ ಮ್ಯಾಗ್ನಸ್ ಚರ್ಚಿನಲ್ಲಿ ರಾಯಲ್ ಓಕ್‌ನ ಗಂಟೆ ಇಟ್ಟಿದ್ದಾರೆ. ಪಕ್ಕದಲ್ಲೇ ಸತ್ತವರ ಹೆಸರಿನ ಪುಸ್ತಕವಿದೆ, ವಾರಕ್ಕೊಂದು ಪುಟ ತಿರುಗಿಸುತ್ತಾರೆ. ಸ್ಕಾಪಾ ದಡದಲ್ಲಿ ಸ್ಮಾರಕ ತೋಟವಿದೆ, ಹಡಗಿನ ಜಾಗಕ್ಕೆ ಗುರುತಾಗಿ ನೀರಿನ ಮೇಲೆ ಹಸಿರು ತೇಲುಬುರುಡೆ (ಬೋಯ್) ಇದೆ. ಮಗಳಿಗೆ ರಜೆ ಸಿಕ್ಕರೆ ಅಕ್ಟೋಬರ್ 14ರ ಹೊತ್ತಿಗೆ ಹೋಗಿ, ಸ್ಮರಣೆಯ ಕಾರ್ಯಕ್ರಮ ಆಗ ನಡೆಯುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಕಾರಿನಲ್ಲಿ ಹೊರಟರೆ ಚರ್ಚಿಲ್ ತಡೆಗೋಡೆಗಳ ಮೇಲೇ ಹೋಗುತ್ತೀರಿ. ಪ್ರೀನ್ ನುಗ್ಗಿದ ದಾರಿಯನ್ನೂ ಸೇರಿಸಿ ಆ ಕಡೆಯ ಬಾಗಿಲುಗಳನ್ನೆಲ್ಲ ಮುಚ್ಚಲು ಆಮೇಲೆ ಕಟ್ಟಿದ್ದು ಅವು. ದುಡಿದವರಲ್ಲಿ ಇಟಲಿಯ ಯುದ್ಧ ಕೈದಿಗಳೂ ಇದ್ದರು. ಅವರು ತಗಡಿನ ಶೆಡ್ಡಿನೊಳಗೆ ಮಾಡಿಕೊಂಡ ಪುಟ್ಟ ಚರ್ಚ್ ಇವತ್ತಿಗೂ ದಾರಿ ಬದಿಯಲ್ಲಿದೆ, ತಪ್ಪದೆ ನೋಡಿ. ಮಗಳಿಗೆ ಡೈವಿಂಗ್ ಬರುತ್ತಿದ್ದರೆ ಕಾಕ್ಸ್ ಎತ್ತದೆ ಉಳಿದ ಜರ್ಮನ್ ಹಡಗುಗಳು ಅಲ್ಲೇ ಕೆಳಗಿವೆ. ಅವುಗಳ ಹತ್ತಿರ ಹೋಗಲು ಅಡ್ಡಿಯಿಲ್ಲ.