ವಾರದ ರಜೆಯನ್ನು ಬಿಟ್ಟುಕೊಡುವ ಮುನ್ನ

ಪ್ರಶ್ನೆ: ದಾವಣಗೆರೆಯ ಖಾಸಗಿ ಲೆಕ್ಕಪತ್ರ ಸಂಸ್ಥೆಯೊಂದರಲ್ಲಿ ಕೆಲಸದಲ್ಲಿದ್ದೇನೆ. ಊಟದ ಬಿಡುವು ಬಿಟ್ಟು ದಿನಕ್ಕೆ ಒಂಬತ್ತು ಗಂಟೆಯಂತೆ ವಾರದಲ್ಲಿ ಐದು ದಿನ ದುಡಿಮೆ. ಹೊಸ ಗ್ರಾಹಕರು ಬಂದಿರುವುದರಿಂದ ಮುಂದಿನ ಮೂರು ತಿಂಗಳು ಶನಿವಾರ ಇಡೀ ದಿನ, ಅಗತ್ಯ ಬಿದ್ದರೆ ಭಾನುವಾರವೂ ಬರಬೇಕೆಂದು ಕೇಳಿದ್ದಾರೆ. ಒಪ್ಪಿದವರಿಗೆ ಬಡ್ತಿಯಲ್ಲಿ ಆದ್ಯತೆಯಂತೆ. ಮನೆ ಸಾಲದ ಕಂತು ಇದೆ. ಮಗಳು ಎರಡನೆಯ ತರಗತಿ, ಅತ್ತೆಯವರಿಗೆ ಮಂಡಿನೋವು. ಒಪ್ಪಲೇ, ಬಿಡಲೇ?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಶನಿವಾರದ ಅರ್ಧ ದಿನವನ್ನು, ಮುಗಿಯುವ ದಿನಾಂಕವನ್ನು ಬರೆಸಿಕೊಂಡು ಒಪ್ಪಿಕೊಳ್ಳಿ, ಭಾನುವಾರವನ್ನು ಬಿಟ್ಟುಕೊಡಬೇಡಿ. ಹೀಗೆ ಹೇಳಲು ಕಾರಣ ನಿಮ್ಮ ಪತ್ರದಲ್ಲಿರುವ ಗಂಟೆಗಳ ಲೆಕ್ಕದಲ್ಲೇ ಇದೆ.

ನಿಮ್ಮಂಥ ಕಚೇರಿಗಳಿಗೆ ಅನ್ವಯಿಸುವ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಸಾಮಾನ್ಯ ದುಡಿಮೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮೀರುವಂತಿಲ್ಲ. ಅದಕ್ಕೂ ಹೆಚ್ಚು ದುಡಿಸಿಕೊಂಡರೆ ಆ ಗಂಟೆಗಳಿಗೆ ಎರಡು ಪಟ್ಟು ದರದಲ್ಲಿ ವೇತನ ಕೊಡಬೇಕು. ಅಂಥ ಹೆಚ್ಚುವರಿ ದುಡಿಮೆಗೂ ಸತತ ಮೂರು ತಿಂಗಳಲ್ಲಿ 50 ಗಂಟೆಯ ಮಿತಿಯನ್ನು ಕಾಯ್ದೆ ಹಾಕಿದೆ. ನೀವು ಈಗಾಗಲೇ ವಾರಕ್ಕೆ 45 ಗಂಟೆ ದುಡಿಯುತ್ತಿದ್ದೀರಿ. ಶನಿವಾರ ಇಡೀ ದಿನ ಸೇರಿದರೆ 54 ಆಗುತ್ತದೆ, ಅಂದರೆ ವಾರಕ್ಕೆ ಆರು ಗಂಟೆ ಹೆಚ್ಚುವರಿ. ಒಂಬತ್ತನೆಯ ವಾರಕ್ಕೇ ಆ 50ರ ಗಡಿ ದಾಟುತ್ತದೆ. ಈ ಗಡಿಯನ್ನು 144 ಗಂಟೆಗೆ ಏರಿಸುವ ಪ್ರಸ್ತಾವ 2025ರಲ್ಲಿ ಬಂದಾಗ ಐಟಿ ನೌಕರರ ಸಂಘಟನೆ ಬೀದಿಗಿಳಿದು ವಿರೋಧಿಸಿತು. ಆ ವಿರೋಧ ನ್ಯಾಯವಾದದ್ದೇ ಎಂದು ನಾನು ನಂಬಿದ್ದೇನೆ. ಶನಿವಾರ ಮಧ್ಯಾಹ್ನದವರೆಗೆ ನಾಲ್ಕು ಗಂಟೆ ಮಾತ್ರ ಕೆಲಸ ಮಾಡಿದರೆ ವಾರಕ್ಕೆ ಒಂದೇ ಗಂಟೆ ಹೆಚ್ಚುವರಿಯಾಗುತ್ತದೆ. ಸಂಸ್ಥೆಯ ಕೆಲಸವೂ ಸಾಗುತ್ತದೆ, ನೀವೂ ಉಳಿಯುತ್ತೀರಿ.

ಭಾನುವಾರದ ಮಾತು ಬೇರೆ. ವಾರಕ್ಕೊಂದು ಪೂರ್ತಿ ದಿನದ ರಜೆಯನ್ನು ಕಾಯ್ದೆಯೇ ಕೊಟ್ಟಿದೆ, ಮಾಲೀಕರ ಔದಾರ್ಯವಲ್ಲ. ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳತ್ವದಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರು ವರ್ಷಗಟ್ಟಲೆ ಹೋರಾಡಿ 1890ರಲ್ಲಿ ಭಾನುವಾರದ ರಜೆಯನ್ನು ಪಡೆದರು. ಹತ್ತಿ ಮಿಲ್ಲುಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ನಮ್ಮ ಊರಿನಲ್ಲಿ, ಪಾಳಿಯ ದುಡಿಮೆಯನ್ನು ಕಂಡ ಹಿರಿಯರಿಗೆ ಆ ಒಂದು ದಿನದ ಬೆಲೆ ಚೆನ್ನಾಗಿ ಗೊತ್ತು.

ದೇಹದ ಮಾತನ್ನೂ ಕೇಳಿ. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಜಂಟಿಯಾಗಿ ವರದಿ ಮಾಡಿವೆ. ಇಡೀ ಶನಿವಾರದ ಜೊತೆಗೆ ಭಾನುವಾರ ಎರಡು ಗಂಟೆ ಸೇರಿದರೂ ನೀವು ಆ ಗಡಿ ದಾಟುತ್ತೀರಿ. ಸಂಸ್ಥೆಗೂ ಇದರಿಂದ ದೊಡ್ಡ ಲಾಭವಿಲ್ಲ. ಮೊದಲ ಮಹಾಯುದ್ಧದ ಕಾಲದ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳ ದಾಖಲೆಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞ ಜಾನ್ ಪೆಂಕವೆಲ್, ವಾರಕ್ಕೆ 70 ಗಂಟೆ ದುಡಿದಾಗಿನ ಉತ್ಪಾದನೆಗೂ 56 ಗಂಟೆ ದುಡಿದಾಗಿನ ಉತ್ಪಾದನೆಗೂ ಹೆಚ್ಚಿನ ಅಂತರವಿರಲಿಲ್ಲವೆಂದು ತೋರಿಸಿದ್ದಾರೆ. ದಣಿದ ಕಣ್ಣು ತಪ್ಪಿ ನಮೂದಿಸಿದ ಒಂದು ಅಂಕಿಯನ್ನು ಹುಡುಕಲು ಎಷ್ಟು ಹೊತ್ತು ಹಿಡಿಯುತ್ತದೆಂಬುದು ಲೆಕ್ಕಪತ್ರ ನೋಡುವ ನಿಮಗೇ ಗೊತ್ತಿರುತ್ತದೆ.

ಬಡ್ತಿಯ ಭರವಸೆ ಬಾಯಿಮಾತಿನಲ್ಲಿದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಇನ್ನೊಂದು ಸಂಗತಿ ಅನೇಕರಿಗೆ ತಿಳಿದಿರುವುದಿಲ್ಲ: ಆಡಳಿತದ ಹೊಣೆಯಿರುವ ಹುದ್ದೆಯವರು ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ನಾಳೆ ನೀವೇ ವ್ಯವಸ್ಥಾಪಕರಾದರೆ ಈ ಮಿತಿಗಳೂ ಇಮ್ಮಡಿ ವೇತನವೂ ನಿಮಗೆ ಸಿಗದು. ಆದ್ದರಿಂದ ಬಡ್ತಿಯಾದ ಮೇಲೆ ರಜೆಯ ಕಥೆ ಏನೆಂದು ಈಗಲೇ ಕೇಳಿ.

ಮನೆಯ ವಿಚಾರಕ್ಕೆ ಬಂದರೆ, ಪತ್ರದಲ್ಲಿ ಕಂತು, ಮಗಳು, ಅತ್ತೆ ಎಲ್ಲರೂ ಇದ್ದಾರೆ. ಪತಿಯ ಶನಿವಾರದ ಬಗ್ಗೆ ಒಂದು ಮಾತೂ ಇಲ್ಲ. ನೀವು ಕಚೇರಿಗೆ ಹೋದ ಆ ನಾಲ್ಕು ಗಂಟೆಗಳ ಅಡುಗೆ, ಬಟ್ಟೆ, ಔಷಧಿ ಯಾರ ಪಾಲಿಗೆ ಎಂಬುದು ನಿರ್ಧಾರವಾಗದಿದ್ದರೆ ಅವೆಲ್ಲ ಭಾನುವಾರಕ್ಕೆ ಸರಿದು, ಉಳಿಸಿಕೊಂಡ ರಜೆಯೂ ಮನೆಗೆಲಸಕ್ಕೇ ಹೋಗುತ್ತದೆ. ಸಾಲದ ಕಂತು ಇಬ್ಬರದ್ದಾಗಿರುವಾಗ ಈ ಕೆಲಸವೂ ಇಬ್ಬರದ್ದೇ. ವ್ಯವಸ್ಥಾಪಕರಿಗೆ ಉತ್ತರ ಕೊಡುವ ಮೊದಲು ಈ ಮಾತುಕತೆ ಮುಗಿಯಬೇಕು.

ಪ್ರಶ್ನೆ: ಚಿತ್ರದುರ್ಗದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಭಾನುವಾರ ವ್ಯಾಪಾರ ಜೋರು, ಹಾಗಾಗಿ ಮಂಗಳವಾರ ರಜೆ. ಆ ದಿನದ ಸಂಬಳ ಮುರಿಯುತ್ತಾರೆ. ಇದು ಸರಿಯೇ?
– ಓದುಗರು, ಚಿತ್ರದುರ್ಗ

ಉತ್ತರ: ರಜೆ ಭಾನುವಾರವೇ ಆಗಬೇಕೆಂದಿಲ್ಲ, ಮಂಗಳವಾರ ಕೊಡುವುದು ತಪ್ಪಲ್ಲ. ಸಂಬಳ ಮುರಿಯುವುದು ತಪ್ಪು. ವಾರದ ರಜೆಗೆ ವೇತನ ಕಡಿತ ಮಾಡುವಂತಿಲ್ಲವೆಂದು ಅದೇ 1961ರ ಕಾಯ್ದೆ ಹೇಳುತ್ತದೆ. ಮೊದಲು ಮಾಲೀಕರಿಗೆ ತಿಳಿಸಿ, ಒಪ್ಪದಿದ್ದರೆ ಸಂಬಳದ ಚೀಟಿ ಅಥವಾ ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಯೊಂದಿಗೆ ಕಾರ್ಮಿಕ ಇಲಾಖೆಯ ನಿರೀಕ್ಷಕರಿಗೆ ಲಿಖಿತ ದೂರು ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿ. ಮಕ್ಕಳಿಗೆ ಶಾಲೆಯಿರುವ ದಿನ ನಿಮಗೆ ರಜೆ ಬರುವುದು ಮನಸ್ಸಿಗೆ ಕಷ್ಟವೇ. ತಿಂಗಳಿಗೊಂದು ಭಾನುವಾರವನ್ನಾದರೂ ಸಹೋದ್ಯೋಗಿಗಳ ನಡುವೆ ಸರದಿಯಲ್ಲಿ ಹಂಚಬಹುದೇ ಎಂದು ಎಲ್ಲರೂ ಸೇರಿ ಕೇಳಿನೋಡಿ.