ಸಿ ಭಾಷೆಯ ಪ್ರೋಗ್ರಾಂನ ಲೂಪ್‌ನಲ್ಲಿ, ಕೀಬೋರ್ಡಿನಿಂದ ಓದುವ ಎರಡನೇ ಸ್ಕ್ಯಾನ್‌ಎಫ್ ನನಗಾಗಿ ಕಾಯುವುದೇ ಇಲ್ಲ. ಒತ್ತಿದ ಅಕ್ಷರಗಳು ಓದುವ ತನಕ ಕಾದಿರುವ ಕೀಬೋರ್ಡ್ ಬಫರ್ ಖಾಲಿ ಮಾಡುವುದು ಹೇಗೆ?

ಖಾಲಿ ಮಾಡಲು ಹೋಗಲೇಬೇಡಿ. ಹಾಗೆ ಹೊರಟೇ ನಾನು ಡಿಪ್ಲೊಮಾ ಲ್ಯಾಬ್ ಪರೀಕ್ಷೆಯಲ್ಲಿ ಮಣ್ಣು ಮುಕ್ಕಿದ್ದು.

ನನಗೆ ಬಂದದ್ದು ಸ್ಟ್ಯಾಕ್ ಪ್ರೋಗ್ರಾಂ. 1 ಒತ್ತಿದರೆ ಪುಶ್ (ಸಂಖ್ಯೆಯನ್ನು ಮೇಲೆ ಪೇರಿಸುವುದು), 2 ಒತ್ತಿದರೆ ಪಾಪ್ (ಮೇಲಿನದನ್ನು ತೆಗೆಯುವುದು), ಪ್ರತಿ ಸುತ್ತಿನ ಕೊನೆಗೆ 'ಮುಂದುವರಿಸಬೇಕೇ, ವೈ ಅಥವಾ ಎನ್?' ಮನೆಯಲ್ಲಿ ಟರ್ಬೊ ಸಿ ಎಂಬ ಹಳೆಯ ಕಂಪೈಲರ್‌ನಲ್ಲಿ ಮಾಡಿ ಮಾಡಿ ಬಾಯಿಪಾಠವಾಗಿತ್ತು. ಪರೀಕ್ಷೆಗೆ ಕೂರಿಸಿದ್ದು ಉಬುಂಟು ಲಿನಕ್ಸ್ ಇದ್ದ ಕಂಪ್ಯೂಟರಿಗೆ. ಎಕ್ಸ್‌ಟರ್ನಲ್, ಅಂದರೆ ಹೊರಗಿನಿಂದ ಬಂದ ಪರೀಕ್ಷಕರು, ಪಕ್ಕದಲ್ಲಿ ನಿಂತಿದ್ದರು. 1 ಒತ್ತಿದೆ, 25 ಕೊಟ್ಟೆ. ಪ್ರಶ್ನೆ ಪರದೆಗೆ ಬಂತು; ನಾನು ವೈ ಒತ್ತುವ ಮೊದಲೇ ಪ್ರೋಗ್ರಾಂ ಮುಗಿದು ಟರ್ಮಿನಲ್‌ನ ಡಾಲರ್ ಚಿಹ್ನೆ ಕಾಣಿಸಿತು. "ಇನ್ನೊಂದ್ಸಲ ರನ್ ಮಾಡಪ್ಪ." ಮತ್ತದೇ.

ನೋಡಿ, 25 ಹೊಡೆದು ಎಂಟರ್ ಒತ್ತಿದರೆ ಒಳಗೆ ಹೋಗುವುದು ಮೂರು ಅಕ್ಷರ: 2, 5, ಆಮೇಲೆ ಎಂಟರ್‌ನ ನ್ಯೂಲೈನ್, ಆಸ್ಕಿ ಸಂಕೇತದಲ್ಲಿ 10. ಸ್ಕ್ಯಾನ್‌ಎಫ್‌ಗೆ ಸಂಖ್ಯೆ ಓದಲು ಹೇಳುವ ಪರ್ಸೆಂಟ್ ಡಿ ಅಂಕಿಗಳನ್ನಷ್ಟೇ ಎತ್ತಿಕೊಂಡು ನ್ಯೂಲೈನನ್ನು ಅಲ್ಲೇ ಬಿಡುತ್ತದೆ. ಮುಂದಿನದೂ ಪರ್ಸೆಂಟ್ ಡಿ ಆಗಿದ್ದರೆ ಅದನ್ನು ದಾಟಿಕೊಂಡು ಹೋಗುತ್ತಿತ್ತು, ಹಾಗಾಗಿ ಬರೀ ಸಂಖ್ಯೆ ಓದುವಷ್ಟು ದಿನ ಯಾರಿಗೂ ಗೊತ್ತಾಗುವುದಿಲ್ಲ. ಒಂದು ಅಕ್ಷರ ಓದುವ ಪರ್ಸೆಂಟ್ ಸಿ ಮಾತ್ರ ಕೈಗೆ ಸಿಕ್ಕ ಮೊದಲ ಅಕ್ಷರವನ್ನೇ ನುಂಗುತ್ತದೆ. ನನ್ನ ಲೂಪ್‌ಗೆ ನ್ಯೂಲೈನ್ ಎಂದರೆ 'ವೈ ಅಲ್ಲ'. ಹೊರಗೆ ಬಂತು.

ಇಷ್ಟೆಲ್ಲ ಗೊತ್ತಿದ್ದೇ ನಡುವೆ ಎಫ್‌ಫ್ಲಶ್ ಎಸ್‌ಟಿಡಿಇನ್ ಹಾಕಿದ್ದೆ (ಎಸ್‌ಟಿಡಿಇನ್ ಎಂದರೆ ಕೀಬೋರ್ಡ್ ಇನ್‌ಪುಟ್), ಸೀನಿಯರ್ ಒಬ್ಬರ ರೆಕಾರ್ಡ್ ಪುಸ್ತಕದಿಂದ ಇಳಿಸಿಕೊಂಡ ಸಾಲು. ಎಕ್ಸ್‌ಟರ್ನಲ್ ಪೆನ್ನಿನ ತುದಿಯಿಂದ ಅದನ್ನೇ ತೋರಿಸಿದರು. "ಇದ್ಯಾಕೆ?"

"ಬಫರ್ ಕ್ಲಿಯರ್ ಮಾಡೋಕೆ ಸರ್."

"ಆಯ್ತಾ ಕ್ಲಿಯರ್?"

ಎಫ್‌ಫ್ಲಶ್ ಇರುವುದು ಔಟ್‌ಪುಟ್ ಆಚೆ ತಳ್ಳಲು. ಇನ್‌ಪುಟ್ ಮೇಲೆ ಪ್ರಯೋಗಿಸಿದರೆ ಏನಾಗಬೇಕೆಂದು ಸಿ ಸ್ಟ್ಯಾಂಡರ್ಡ್ ಹೇಳುವುದೇ ಇಲ್ಲ. ಟರ್ಬೊ ಸಿ ಖಾಲಿ ಮಾಡಿಕೊಡುತ್ತಿತ್ತು, ಲಿನಕ್ಸ್ ಟರ್ಮಿನಲ್ ಮಾಡಲಿಲ್ಲ. ವಿಷುಯಲ್ ಸ್ಟುಡಿಯೋದಲ್ಲೂ 2015ರ ಆವೃತ್ತಿಯಿಂದ ಈ ಆಟ ನಡೆಯುವುದಿಲ್ಲ. ನನ್ನ ಕಂಪ್ಯೂಟರಿನಲ್ಲಿ ಓಡಿತು, ಆದ್ದರಿಂದ ಸರಿ ಅಂದುಕೊಂಡೆ ನೋಡಿ, ಮಾರ್ಕ್ಸ್ ಹೋದದ್ದು ಅಲ್ಲಿ.

ಪರ್ಸೆಂಟ್ ಸಿ ಮುಂದೆ ಒಂದು ಸ್ಪೇಸ್ ಬಿಡಿ ಅಂತ ಹೇಳುವವರು ಸಿಗುತ್ತಾರೆ. ನ್ಯೂಲೈನ್‌ಗೆ ಸಾಕು. ಆದರೆ ಸಂಖ್ಯೆ ಕೇಳಿದಲ್ಲಿ ಯಾರಾದರೂ ಅಕ್ಷರ ಒತ್ತಿದರೆ ಪರ್ಸೆಂಟ್ ಡಿ ಅದನ್ನು ಮುಟ್ಟುವುದಿಲ್ಲ, ಎಷ್ಟು ಓದಿದೆ ಎಂಬುದಕ್ಕೆ ಸ್ಕ್ಯಾನ್‌ಎಫ್ ಸೊನ್ನೆ ವಾಪಸ್ ಕೊಡುತ್ತದೆ, ನಿಮ್ಮ ಮೆನು ಕಂಟ್ರೋಲ್ ಸಿ ಒತ್ತುವವರೆಗೂ ಪರದೆ ತುಂಬ ಓಡುತ್ತಿರುತ್ತದೆ.

ನಾನೀಗ ಕೀಬೋರ್ಡಿಗೆ ಸ್ಕ್ಯಾನ್‌ಎಫ್ ಹಾಕುವುದೇ ಇಲ್ಲ. 100 ಅಕ್ಷರದ ಅರೇಗೆ ಎಫ್‌ಗೆಟ್ಸ್‌ನಿಂದ ಇಡೀ ಸಾಲು ಓದಿ, ಅದರಿಂದ ಎಸ್‌ಸ್ಕ್ಯಾನ್‌ಎಫ್‌ನಲ್ಲಿ ಬೇಕಾದ್ದು ತೆಗೆಯುತ್ತೇನೆ. 1 ವಾಪಸ್ ಬರದಿದ್ದರೆ ಮತ್ತೆ ಕೇಳುತ್ತೇನೆ. ಎಂಟರ್ ಸಾಲಿನ ಜೊತೆಗೇ ಬಂದುಬಿಡುವುದರಿಂದ ಉಳಿಕೆಯೇ ಇಲ್ಲ. ಎಫ್‌ಗೆಟ್ಸ್ ನಲ್ ಕೊಟ್ಟರೆ, ಅಂದರೆ ಓದಲು ಏನೂ ಸಿಗದಿದ್ದರೆ, ಲೂಪ್ ಬಿಟ್ಟು ಹೊರಬನ್ನಿ. ಸಾಲು ಅರೇಗಿಂತ ಉದ್ದವಿದ್ದಾಗ ಮಾತ್ರ ಬಾಲ ಉಳಿಯುತ್ತದೆ; ಅದನ್ನು ನ್ಯೂಲೈನ್ ಅಥವಾ ಇಓಎಫ್ (ಇನ್‌ಪುಟ್ ಮುಗಿದ ಸೂಚನೆ) ಸಿಗುವ ತನಕ ಗೆಟ್‌ಚಾರ್‌ನಿಂದ ಒಂದೊಂದೇ ಅಕ್ಷರ ಓದಿ ಎಸೆಯಿರಿ. ಗೆಟ್‌ಚಾರ್ ಕೊಡುವ ಉತ್ತರ ಹಿಡಿಯುವ ವೇರಿಯಬಲ್ ಇಂಟ್ ಆಗಿರಲಿ, ಚಾರ್ ಬೇಡ.