ಕಲಾಂಚೋ ಮತ್ತೆ ಹೂ ಬಿಡಬೇಕಾದರೆ ಕತ್ತಲೆ ಕೊಡಿ

ಪ್ರಶ್ನೆ: ಮೇಡಂ, ಕಳೆದ ವರ್ಷ ಕಿತ್ತಳೆ ಬಣ್ಣದ ಹೂ ತುಂಬಿದ್ದ ಕಲಾಂಚೋ ಗಿಡ ತಂದು ಹಾಲ್‌ನ ಕಿಟಕಿ ಹತ್ತಿರ ಇಟ್ಟೆ. ಹೂ ಬಹಳ ದಿನ ಇತ್ತು. ಒಣಗಿದ ಮೇಲೆ ಒಂದು ಮೊಗ್ಗೂ ಬಂದಿಲ್ಲ. ಎಲೆ ಮಾತ್ರ ದಪ್ಪಗೆ, ಹಸಿರಾಗಿ ಚೆನ್ನಾಗಿದೆ. ಗೊಬ್ಬರವನ್ನೂ ತಪ್ಪದೆ ಹಾಕುತ್ತಿದ್ದೇನೆ. ಇದು ಒಂದೇ ಸಲ ಹೂ ಬಿಡುವ ಗಿಡವಾ? ತೆಗೆದು ಹಾಕಿಬಿಡಲಾ?

ಉತ್ತರ: ದಯವಿಟ್ಟು ತೆಗೆದು ಹಾಕಬೇಡಿ. ಕಲಾಂಚೋ ವರ್ಷ ವರ್ಷವೂ ಹೂ ಬಿಡುವ ಗಿಡ. ನೀವು ಬರೆದಿದ್ದು ನೋಡಿದರೆ ನಿಮ್ಮ ಗಿಡ ಆರೋಗ್ಯವಾಗಿಯೇ ಇದೆ, ಅದಕ್ಕೆ ಕಡಿಮೆ ಬಿದ್ದಿರುವುದು ರಾತ್ರಿ. ಹಾಲ್ ಅಂದರೆ ಮಲಗುವವರೆಗೂ ಲೈಟು ಉರಿಯುವ ಜಾಗ ಅಲ್ವಾ? ಅಲ್ಲೇ ಇರುವುದು ತೊಂದರೆ.

ಕಲಾಂಚೋ ಮೊಗ್ಗು ಕಟ್ಟಬೇಕೋ ಬೇಡವೋ ಅಂತ ನಿರ್ಧರಿಸುವುದು ರಾತ್ರಿ ಎಷ್ಟು ಉದ್ದ ಇದೆ ಎನ್ನುವುದರ ಮೇಲೆ. ಎಲೆಯೊಳಗೆ ಫೈಟೋಕ್ರೋಮ್ ಎಂಬ ವಸ್ತು ಇರುತ್ತದೆ, ಬೆಳಕು ಬಿದ್ದಿತೋ ಇಲ್ಲವೋ ಎಂಬುದನ್ನು ಗಿಡಕ್ಕೆ ತಿಳಿಸುವುದು ಅದೇ. ದಿನಕ್ಕೆ ಸುಮಾರು 14 ಗಂಟೆ ಕತ್ತಲೆ ಬೇಕು, ಅದೂ ನಡುವೆ ಮುರಿಯದಂತೆ, ಸುಮಾರು 6 ವಾರ. ಮಧ್ಯರಾತ್ರಿ ಯಾರೋ ಎದ್ದು ಸ್ವಲ್ಪ ಹೊತ್ತು ಲೈಟು ಹಾಕಿದರೂ ಗಿಡಕ್ಕೆ ಆ ಉದ್ದದ ರಾತ್ರಿ ಎರಡು ಚಿಕ್ಕ ರಾತ್ರಿಗಳಾಗಿ ಒಡೆದುಹೋಗುತ್ತದೆ, ಅದರಿಂದ ಮೊಗ್ಗು ಬರುವುದಿಲ್ಲ. ಹಾಗಾದರೆ ಅಂಗಡಿಯಲ್ಲಿ ಯಾವ ಕಾಲಕ್ಕೆ ಹೋದರೂ ಹೂ ಬಿಟ್ಟ ಕಲಾಂಚೋ ಸಿಗುತ್ತದಲ್ಲ, ಅದು ಹೇಗೆ ಅಂತ ನೀವು ಕೇಳಬಹುದು. ಬೆಳೆಯುವವರು ಹಗಲು ಉದ್ದ ಇರುವ ಕಾಲದಲ್ಲಿ ಸಂಜೆಯಾಗುವ ಮೊದಲೇ ಕಪ್ಪು ಬಟ್ಟೆ ಹೊದಿಸಿ ಬೇಕಾದಷ್ಟು ಕತ್ತಲೆ ಮಾಡುತ್ತಾರೆ. ಈ ಗಿಡದ ಮೂಲ ಮಡಗಾಸ್ಕರ್. ಅದನ್ನು 1930ರ ದಶಕದಲ್ಲಿ ಮನೆ ಗಿಡವಾಗಿ ಬಳಕೆಗೆ ತಂದವರು ಜರ್ಮನಿಯ ಪಾಟ್ಸ್‌ಡಾಮ್‌ನ ರಾಬರ್ಟ್ ಬ್ಲಾಸ್‌ಫೆಲ್ಡ್. ಗಿಡದ ವೈಜ್ಞಾನಿಕ ಹೆಸರಿನಲ್ಲಿರುವ ಬ್ಲಾಸ್‌ಫೆಲ್ಡಿಯಾನ ಎಂಬ ಪದ ಬಂದಿದ್ದು ಅವರಿಂದಲೇ.

ಬೆಳೆಯುವವರು ಮಾಡುವುದನ್ನೇ ನೀವು ಒಂದು ರಟ್ಟಿನ ಡಬ್ಬಿಯಿಂದ ಮಾಡಬಹುದು. ಮೊದಲು ಒಣಗಿದ ಹೂಗೊಂಚಲನ್ನು, ಆ ಗೊಂಚಲಿನ ಬುಡದಲ್ಲಿರುವ ಎಲೆ ಜೋಡಿಯ ಸ್ವಲ್ಪ ಮೇಲೆ ಕತ್ತರಿಸಿ. ಉದ್ದ ಬೆಳೆದ ಕೊಂಬೆಗಳನ್ನೂ ಚಿಕ್ಕದು ಮಾಡಿ, ಪಕ್ಕದಿಂದ ಹೊಸ ಚಿಗುರು ಬರುತ್ತದೆ. ಚಿಗುರು ಒಂದಿಷ್ಟು ಬೆಳೆಯಲಿ, ಆಮೇಲೆ ಸಂಜೆ 6ಕ್ಕೆ ಡಬ್ಬಿ ಮುಚ್ಚಿ, ಬೆಳಿಗ್ಗೆ 8ಕ್ಕೆ ತೆಗೆಯಿರಿ. ಡಬ್ಬಿಯಲ್ಲಿ ಸಣ್ಣ ತೂತೂ ಇರಬಾರದು. ಹಗಲು ಪೂರ್ತಿ ಒಳ್ಳೆ ಬೆಳಕಿನಲ್ಲಿ ಇಡಿ, ಇದನ್ನು ಮರೆಯಬೇಡಿ, ಯಾಕೆಂದರೆ ಹಗಲಿಡೀ ಕೋಣೆಯ ಮೂಲೆಯಲ್ಲಿ ಕೂತು ರಾತ್ರಿಯೂ ಡಬ್ಬಿಯೊಳಗೆ ಇರುವ ಗಿಡಕ್ಕೆ ಮೊಗ್ಗು ಕಟ್ಟುವ ಶಕ್ತಿ ಎಲ್ಲಿಂದ ಬರಬೇಕು? ರಾತ್ರಿ ಯಾರೂ ಲೈಟು ಹಾಕದ ಕೋಣೆ ಇದ್ದರೆ, ಹಗಲು ಚಿಕ್ಕದಾಗುವ ತಿಂಗಳುಗಳಲ್ಲಿ ಅಲ್ಲಿನ ಕಿಟಕಿಯ ಹತ್ತಿರ ಸುಮ್ನೆ ಬಿಟ್ಟುಬಿಡಿ, ಡಬ್ಬಿಯೂ ಬೇಕಾಗದೆ ಇರಬಹುದು. ಈ ವಾರಗಳಲ್ಲಿ ನೀರು ಕಡಿಮೆ ಮಾಡಿ, ಗೊಬ್ಬರ ನಿಲ್ಲಿಸಿ.

ನೀವು ಯಾವ ಗೊಬ್ಬರ ಅಂತ ಬರೆದಿಲ್ಲ. ಸಾರಜನಕ ಜಾಸ್ತಿ ಇರುವುದಾದರೆ ಎಲೆಯೇ ಬೆಳೆಯುತ್ತಾ ಹೋಗುತ್ತದೆ. ಗೊಬ್ಬರ ಹಾಕಿ ಹಾಕಿ ಹೂ ತರಿಸುತ್ತೇವೆ ಅನ್ನುವುದು ಈ ಗಿಡದ ವಿಷಯದಲ್ಲಿ ನಡೆಯುವುದಿಲ್ಲ.

ತುದಿಯ ಎರಡು ಎಲೆಗಳ ನಡುವೆ ನೋಡುತ್ತಿರಿ. ಮೊದಲು ಕಾಣುವುದು ಅಕ್ಕಿ ಕಾಳಿಗಿಂತ ಚಿಕ್ಕ ಹಸಿರು ಮೊಗ್ಗುಗಳ ಗುಂಪು, ಹೊಸ ಎಲೆಯೇನೋ ಅನ್ನಿಸುತ್ತದೆ. ನಂತರ ಮೊಗ್ಗಿನ ತೊಟ್ಟು ಉದ್ದವಾಗಿ ಗೊಂಚಲು ಮೇಲೇಳುತ್ತದೆ. ಮೊಗ್ಗು ಚೆನ್ನಾಗಿ ಕಂಡ ಮೇಲೆ ಡಬ್ಬಿ ಬೇಡ, ನೀರು ಮೊದಲಿನಂತೆ ಕೊಡಿ. ಹೂ ಅರಳಲು ಇನ್ನೂ ಕೆಲವು ವಾರ ಹಿಡಿಯುತ್ತದೆ, ರಾತ್ರಿ ಸೆಕೆ ಜಾಸ್ತಿ ಇದ್ದರೆ ಇನ್ನೂ ತಡ. ಕಾಯಿರಿ.

ಪ್ರಶ್ನೆ: ನನ್ನ ಕಲಾಂಚೋದ ಎಲೆಗಳು ಬಾಡಿದ ಹಾಗೆ ಜೋತುಬಿದ್ದಿವೆ. ನೀರು ಸಾಲದೇನೋ ಅಂತ ದಿನಾ ಹಾಕುತ್ತಿದ್ದೇನೆ, ಆದರೂ ಸರಿಯಾಗುತ್ತಿಲ್ಲ. ಕೆಳಗಿನ ಎಲೆ ಹಳದಿಯಾಗಿ ಉದುರುತ್ತಿದೆ.

ಉತ್ತರ: ಇವತ್ತೇ ನೀರು ನಿಲ್ಲಿಸಿ. ಬಾಯಾರಿದಾಗಲೂ ಎಲೆ ಜೋಲುತ್ತದೆ, ಬೇರು ಕೊಳೆತಾಗಲೂ ಜೋಲುತ್ತದೆ, ನೋಡಲು ಎರಡೂ ಒಂದೇ ಥರ. ಗುರುತಿಸಬೇಕಾದರೆ ಮಣ್ಣಿಗೆ ಬೆರಳು ಹಾಕಿ. ಮಣ್ಣು ಒಣಗಿ, ಎಲೆ ತೆಳ್ಳಗೆ ಸುಕ್ಕುಗಟ್ಟಿದ್ದರೆ ನೀರು ಬೇಕು ಅಂತ. ಮಣ್ಣು ಒದ್ದೆಯಿದ್ದು ಎಲೆ ಮೆತ್ತಗಾಗಿದ್ದರೆ ಬೇರಿಗೆ ಉಸಿರು ಕಟ್ಟಿದೆ ಅಂತ. ದಪ್ಪ ಎಲೆಯ ಗಿಡ ನೀರನ್ನು ಎಲೆಯಲ್ಲೇ ಕೂಡಿಡುತ್ತದೆ, ಗಾಳಿ ಒಳಗೆಳೆಯುವ ಎಲೆಯ ರಂಧ್ರಗಳನ್ನೂ ಹೆಚ್ಚಾಗಿ ರಾತ್ರಿಯ ತಂಪಿನಲ್ಲೇ ತೆರೆಯುತ್ತದೆ, ಹಾಗಾಗಿ ಹಗಲಿನ ಬಿಸಿಲಿಗೆ ನೀರು ಆವಿಯಾಗುವುದು ತುಂಬ ಕಡಿಮೆ. ದಿನಾ ನೀರು ಹಾಕಿದರೆ ಅದು ಕುಂಡದಲ್ಲೇ ನಿಲ್ಲುತ್ತದೆ.

ಗಿಡವನ್ನು ಕುಂಡದಿಂದ ಮೆಲ್ಲಗೆ ಬಿಡಿಸಿ ನೋಡಿ. ಬೇರು ಬಿಳಿಯಾಗಿ ಗಟ್ಟಿ ಇದ್ದರೆ ಒಳ್ಳೆಯದು. ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಸಿಪ್ಪೆ ಜಾರಿ ಬರುತ್ತಿದ್ದರೆ ಆ ಭಾಗವನ್ನೆಲ್ಲಾ ಕತ್ತರಿಸಿ. ಮರಳೋ ಪರ್ಲೈಟ್ ಎಂಬ ಹಗುರವಾದ ಬಿಳಿ ಹರಳೋ ಧಾರಾಳವಾಗಿ ಬೆರೆಸಿದ ಸಡಿಲ ಮಣ್ಣಿನಲ್ಲಿ, ತಳದಲ್ಲಿ ತೂತಿರುವ ಕುಂಡದಲ್ಲಿ ಮತ್ತೆ ನೆಡಿ. ಹೊರಗಿನ ಚೆಂದದ ಕುಂಡದಲ್ಲಿ ನೀರು ನಿಂತಿದೆಯಾ ಅಂತಲೂ ನೋಡಿ, ಎಷ್ಟೋ ಗಿಡ ಸಾಯುವುದು ಅಲ್ಲೇ. ಇನ್ನು ಮೇಲೆ ಮಣ್ಣಿನ ಮೇಲಿನ ಒಂದು ಇಂಚು ಒಣಗಿದಾಗ ಮಾತ್ರ, ಬುಡಕ್ಕೆ, ತಳದಿಂದ ಸೋರುವಷ್ಟು ನೀರು ಹಾಕಿ. ಎಲೆಯ ಮೇಲೆ ಚಿಮುಕಿಸುವ ಅಗತ್ಯವೇ ಇಲ್ಲ, ಬೂದಿ ರೋಗ ಬರುವ ಸಂಭವ ಇದೆ.

ಪ್ರಶ್ನೆ: ಕಾಡುಬಸಳೆಯ ಹಾಗೆ ಇದರ ಎಲೆ ಮಣ್ಣಿನ ಮೇಲಿಟ್ಟರೆ ಸಸಿ ಬರುತ್ತದಾ?

ಉತ್ತರ: ಎರಡೂ ಒಂದೇ ಕುಲದ ಗಿಡಗಳು, ಆದರೆ ಕಾಡುಬಸಳೆಯಂತೆ ಎಲೆಯಂಚಿನಲ್ಲಿ ಮರಿ ಗಿಡ ಹುಟ್ಟಿಸುವ ಗುಣ ಇದಕ್ಕಿಲ್ಲ. ಹೂ ಇಲ್ಲದ ಕೊಂಬೆಯ ತುದಿಯನ್ನು ಬೆರಳುದ್ದ ಕತ್ತರಿಸಿ, ಕೆಳಗಿನ ಎಲೆ ಕಿತ್ತು, ಗಾಯ ಒಣಗಲು ಒಂದೆರಡು ದಿನ ನೆರಳಿನಲ್ಲಿ ಬಿಟ್ಟು ನೆಡಿ. ಸುಲಭವಾಗಿ ಬೇರು ಬಿಡುತ್ತದೆ.

ಪ್ರಶ್ನೆ: ಎಲೆಯ ಸಂದಿಯಲ್ಲಿ ಹತ್ತಿಯಂತೆ ಬಿಳಿ ಅಂಟಿಕೊಂಡಿದೆ. ಔಷಧಿ ಹೊಡೆಯಬೇಕಾ? ಮನೆಯಲ್ಲಿ ಬೆಕ್ಕೂ ಇದೆ, ಅದಕ್ಕೇ ಭಯ.

ಉತ್ತರ: ಅದು ಹಿಟ್ಟು ತಿಗಣೆ. ಮೊದಲು ಈ ಗಿಡವನ್ನು ಉಳಿದ ಗಿಡಗಳಿಂದ ದೂರ ಇಡಿ. ಸ್ವಲ್ಪವೇ ಇದ್ದರೆ ಹತ್ತಿ ಕಡ್ಡಿಯನ್ನು ಔಷಧಿ ಅಂಗಡಿಯಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದನ್ನೇ ಒರೆಸಿ, ವಾರ ಬಿಟ್ಟು ಮತ್ತೆ ಮಾಡಿ, ಯಾಕೆಂದರೆ ಮೊಟ್ಟೆಗಳು ಉಳಿದಿರುತ್ತವೆ. ಎಲೆ ಕಾಂಡಕ್ಕೆ ಸೇರುವ ಸಂದಿಯನ್ನು ಬಿಡಬೇಡಿ.

ಔಷಧಿಗಿಂತ ಗಿಡದ ಬಗ್ಗೆಯೇ ನೀವು ಎಚ್ಚರ ವಹಿಸಬೇಕು. ಕಲಾಂಚೋದಲ್ಲಿ ಹೃದಯಕ್ಕೆ ತೊಂದರೆ ಮಾಡುವ ವಿಷದ ಅಂಶ ಇದೆ, ಬೆಕ್ಕು ನಾಯಿಗಳಿಗೆ ಅಪಾಯ. ತಿಂದರೆ ವಾಂತಿ, ಭೇದಿ ಆಗಬಹುದು, ಜಾಸ್ತಿ ತಿಂದರೆ ಹೃದಯದ ಬಡಿತವೇ ಏರುಪೇರಾಗಬಹುದು. ಬೆಕ್ಕು ಹತ್ತಲಾಗದ ಜಾಗದಲ್ಲಿ ಇಡಿ. ಅಂಥ ಜಾಗವೇ ಇಲ್ಲ ಅಂತಾದರೆ ಗಿಡವನ್ನು ಪ್ರಾಣಿ ಸಾಕದ ಸ್ನೇಹಿತರಿಗೆ ಕೊಟ್ಟುಬಿಡಿ. ಬೆಕ್ಕು ಎಲೆ ಕಚ್ಚಿದ್ದು ಕಂಡರೆ, ವಾಂತಿ ಆಗಲಿ ಅಂತ ಕಾಯದೆ ಪಶುವೈದ್ಯರಿಗೆ ಫೋನ್ ಮಾಡಿ, ಗಿಡದ ಹೆಸರನ್ನೂ ಹೇಳಿ.